ಪೊದೆಯೊಳಗೆ ಹೋದ ಕೋಲು

೨೦೨೫ರ ಮಾರ್ಚ್ ೧೪, ಶುಕ್ರವಾರ, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ.

ಇಂದುಮತಿ ಭೂತಗನ್ನಡಿಯನ್ನು ಮೇಜಿನ ಮೇಲಿದ್ದ ಚಿತ್ರದ ಗೊಲ್ಲನ ಪಾದದ ಬಳಿ ಹಿಡಿದು, ಅವನ ಕೋಲಿನ ಜಾಡಿನಲ್ಲೇ ಎಡಕ್ಕೆ ಸರಿಸುತ್ತ ಹೋದಳು. ಕೋಲು ಹುಲ್ಲಿನ ಮೇಲೆ ಓರೆಯಾಗಿ ಬಿದ್ದಿತ್ತು. ಸ್ವಲ್ಪ ದೂರ ಸಾಗಿ ಒಂದು ಪೊದೆಯೊಳಗೆ ಹೊಕ್ಕಿತು. ಪೊದೆಯ ಆಚೆ ಮಲಗಿದ್ದ ಆಕಳ ಮುಂಗಾಲು ಇತ್ತು, ಹುಲ್ಲು ಇತ್ತು, ಒಂದು ಕಲ್ಲೂ ಇತ್ತು. ಕೋಲು ಮಾತ್ರ ಇರಲಿಲ್ಲ.

ಪೊದೆ ಅಗಲವಾಗಿರಲಿಲ್ಲ. ಕೋಲು ಅಷ್ಟಕ್ಕೇ ಮುಗಿಯಬೇಕಾದರೆ ಅದು ದನ ಕಾಯುವವನ ಕೋಲಲ್ಲ, ಲಟ್ಟಣಿಗೆ.

"ಏನಾದ್ರೂ ಸಿಕ್ತಾ ಮೇಡಂ?" ಎಂದ ರಾಮಚಂದ್ರ. ಬೆಳಗಿನಿಂದ ಅವನು ಇದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಕೇಳುತ್ತಿದ್ದ.

"ಒಂದು ಕೋಲು ಕಳೆದುಹೋಗಿದೆ."

"ಚಿತ್ರಾನೇ ಕಳೆದುಹೋಗಿದೆ. ನೀವು ಕೋಲು ಹುಡುಕ್ತಾ ಇದೀರ!"

ಅವನ ಸಿಡುಕಿಗೆ ಕಾರಣವಿತ್ತು. ಪರ್ತ್‌ನ ತನ್ನ ಮನೆಯ ಗೋಡೆಯ ಮೇಲೆ ಕಾಲು ಶತಮಾನ ತೂಗಿದ್ದ ಫ್ರೆಂಚ್ ಗ್ರಾಮದೃಶ್ಯ, ಬ್ರಿಸ್ಬೇನ್‌ನ ಪ್ರದರ್ಶನಕ್ಕೆ ಬಂದ ಮೇಲೆ ನಕಲು ಎಂದು ತೀರ್ಮಾನವಾಗಿತ್ತು. ಅದರ ಬಿಳಿ ಬಣ್ಣದಲ್ಲಿ ಟೈಟಾನಿಯಂ ಸಿಕ್ಕಿತ್ತು. ಹದಿನೆಂಟನೇ ಶತಮಾನದ ಚಿತ್ರಕಾರನ ಬಳಿ ಇರಲು ಸಾಧ್ಯವೇ ಇಲ್ಲದ ಬಣ್ಣ. ಪರ್ತ್‌ಗೂ ಬ್ರಿಸ್ಬೇನ್‌ಗೂ ನಡುವೆ ಚಿತ್ರ ಮೂರು ವಾರ ಅಡಿಲೇಡ್‌ನ ಮಾಡ್ಬರಿಯಲ್ಲಿ, ವಯೊಲೆಟ್ ಎಂಬ ಚಿತ್ರ ಸಂರಕ್ಷಕಿಯ ಕಾರ್ಯಾಗಾರದಲ್ಲಿ, ಚೌಕಟ್ಟಿನ ರಿಪೇರಿಗಾಗಿ ಇತ್ತು. ಅಸಲನ್ನು ಇಟ್ಟುಕೊಂಡು ನಕಲು ಕಳಿಸಿದವಳು ಅವಳೇ ಎಂದು ರಾಮಚಂದ್ರ ದೂರು ಕೊಟ್ಟಿದ್ದ.

ಸೋಮವಾರ ಬೆಳಿಗ್ಗೆ ಸಂರಕ್ಷಕರ ಸಂಘದ ಮುಂದೆ ವಿಚಾರಣೆ. ಅಷ್ಟರೊಳಗೆ ಬೇರೆ ದಾರಿ ಕಾಣದಿದ್ದರೆ ವಯೊಲೆಟ್ ಇನ್ನು ಮುಂದೆ ಯಾರ ಚಿತ್ರವನ್ನೂ ಮುಟ್ಟುವಂತಿಲ್ಲ.

ವಿಮಾ ಕಂಪನಿ ಇಂದುಮತಿಯನ್ನು ಕಳಿಸಿದ್ದು ಇದಕ್ಕೇ. ರಸಾಯನಶಾಸ್ತ್ರದ ಉಪನ್ಯಾಸಕಿಯಾಗಿದ್ದು ನಿವೃತ್ತಳಾದವಳು, ಅಡಿಲೇಡ್ ಬಳಿಯ ಮಾಸನ್ ಲೇಕ್ಸ್‌ನ ಮನೆಯಿಂದ ಇಂಥ ತನಿಖೆಗಳಿಗೆ ಹೋಗಿಬರುತ್ತಿದ್ದಳು. ಈಗ ಅವಳಿದ್ದುದು ಬ್ರಿಸ್ಬೇನ್‌ನ ಸೇಂಟ್ ಲೂಸಿಯಾದ ವಿಶ್ವವಿದ್ಯಾಲಯದ ಒಂದು ಪ್ರಯೋಗಾಲಯದಲ್ಲಿ. ಉಪಕರಣಗಳನ್ನು ನೋಡಿಕೊಳ್ಳುತ್ತಿದ್ದವಳು ಅಲ್ಲಿನ ಸಂಶೋಧಕಿ ಅನನ್ಯಾ, ರಾಮಚಂದ್ರನ ಮಗಳು. "ಡೋಂಟ್ ವರಿ ಆಂಟಿ, ಐಯಾಮ್ ನಾಟ್ ಆನ್ ಅಪ್ಪಾಸ್ ಸೈಡ್. ಐಯಾಮ್ ಆನ್ ದ ಡೇಟಾಸ್ ಸೈಡ್" ಎಂದು ಮೊದಲೇ ಹೇಳಿಬಿಟ್ಟಿದ್ದಳು.

ಮೇಜಿನ ತುದಿಯಲ್ಲಿ ನಿಲ್ಲಿಸಿದ್ದ ಫೋನಿನ ಪರದೆಯಲ್ಲಿ ವಯೊಲೆಟ್‌ಳ ಮುಖವಿತ್ತು. ಆರೋಪಿಗೆ ಎಲ್ಲವೂ ಕಾಣಬೇಕು ಎಂಬುದು ಇಂದುಮತಿಯ ಷರತ್ತು.

"ವಯೊಲೆಟ್, ಈ ಕೋಲು ಮುರಿದ ಹಾಗಿರೋದನ್ನ ನೀವು ನೋಡಿದ್ರಾ?"

"ಇಲ್ಲ ಆಂಟಿ. ನನಗೆ ಕೊಟ್ಟದ್ದು ಚೌಕಟ್ಟಿನ ಕೆಲಸ ಮಾತ್ರ ಅಲ್ವಾ? ಬಂದ ಹಾಗೆ ಫೋಟೋ ತೆಗೆದೆ, ಹೋಗುವಾಗ ಫೋಟೋ ತೆಗೆದೆ. ಎರಡೂ ಒಂದೇ ಉಂಟು."

"ಒಂದೇ ಇರತ್ತೆ," ಎಂದ ರಾಮಚಂದ್ರ. "ಬದಲಾಯಿಸಿದ ಮೇಲೆ ಎರಡು ಫೋಟೋ ತೆಗೆದ್ರೆ ಒಂದೇ ತರ ಇರದೆ ಇನ್ನೇನು!"

 ಪರದೆಯಲ್ಲಿ ವಯೊಲೆಟ್‌ಳ ಹಿಂದೆ ಎಲ್ಲಿಂದಲೋ ಗಂಡಸಿನ ದನಿ ಕೇಳಿತು: "ವಯ್ಲಿ, ಚಾ ಆರ್ತಾ ಉಂಟು ಮಾರಾಯ್ತಿ."

"ಬಂದೆ ಪಪ್ಪ." ಅವಳು ಇತ್ತ ತಿರುಗಿದಳು. "ಸಾರಿ ಆಂಟಿ. ಈಸ್ಟರ್‌ಗೆ ಇಗರ್ಜಿಯ ವೇದಿಕೆಗೆ ಪಪ್ಪ ಪರದೆ ಬರೀತಾ ಇದ್ದಾರೆ. ಕ್ರಿಸ್ಮಸ್‌ಗೆ ಬಾಲಯೇಸು ಹುಟ್ಟಿದ ಗೋದಲಿ, ಈಸ್ಟರ್‌ಗೆ ಸಮಾಧಿಯ ಗುಹೆ. ವರ್ಷವಿಡೀ ಮನೆಯೆಲ್ಲ ಬಣ್ಣದ ವಾಸನೆ."

"ಕ್ಯಾಸಿಮಿರ್ ಏನೂ ಮಾಡಿಲ್ಲ, ಅವನ ಮೇಲೆ ನನಗೇನೂ ಇಲ್ಲ," ಎಂದು ರಾಮಚಂದ್ರ ಗೊಣಗಿದ. ಕುವೈತ್‌ನ ತೈಲ ಕಂಪನಿಯೊಂದರಲ್ಲಿ ಅವನೂ ವಯೊಲೆಟ್‌ಳ ತಂದೆ ಕ್ಯಾಸಿಮಿರನೂ ಒಂದೇ ಕೋಣೆಯಲ್ಲಿ ಕೆಲಸ ಮಾಡಿದವರು. ಆ ಸ್ನೇಹದ ಭರವಸೆಯ ಮೇಲೇ ಚಿತ್ರ ಮಾಡ್ಬರಿಗೆ ಹೋಗಿದ್ದು.

ಇಂದುಮತಿ ಕೋಲನ್ನು ಬಿಟ್ಟು ಆಕಳ ಹಣೆಗೆ ಬಂದಳು. ಅಲ್ಲಿ ಬೆರಳಗಲದ ಹಳದಿ ಮಚ್ಚೆಯಿತ್ತು.

"ಅಮ್ಮ ಹಚ್ತಿದ್ದ ಅರಿಶಿನದ ತರಾನೇ ಇದೆ," ಎಂದ ರಾಮಚಂದ್ರ. ಅವನ ದನಿ ತಗ್ಗಿತು. "ಪಕ್ಕದ ಮನೆ ಫ್ರೆಂಚ್ ಅಜ್ಜಿ ಊರು ಬಿಟ್ಟು ಹೋಗುವಾಗ ಅಮ್ಮನಿಗೆ ಕೊಟ್ಟದ್ದು ಅಸಲು ಚಿತ್ರ. ಅಮ್ಮ ಅದನ್ನ ಮೊದಲ ಸಲ ನೋಡಿದಾಗ ಚಪ್ಪಲಿ ಬಿಟ್ಟು ಕೈಮುಗಿದುಬಿಟ್ರು. ಕೊಳಲಿದೆ, ಹಸು ಇದೆ, ಕೃಷ್ಣ ಅಲ್ದೆ ಇನ್ಯಾರು ಅಂತ. ಟೋಪಿ ಯಾಕೆ ಹಾಕ್ಕೊಂಡಿದಾನೆ ಅಂದ್ರೆ, ಅವರ ದೇಶದಲ್ಲಿ ಚಳಿ ಕಣೋ ಅಂದ್ರು. ಪ್ರತಿ ಬಲಿಪಾಡ್ಯಮಿಗೂ ಗೋಪೂಜೆ ಇದೇ ಹಸುವಿಗೆ. ಪರ್ತ್‌ನ ನಮ್ಮ ವಿಲ್ಲೆಟನ್‌ನಲ್ಲಿ ಬೇರೆ ಹಸು ಎಲ್ಲಿ ತರೋದು?"

"ಹಚ್ಚಿದ ಮೇಲೆ ಹಾಗೇ ಬಿಡ್ತಿದ್ರಾ?"

"ಇಲ್ಲ, ಮಾರನೇ ದಿನ ಒದ್ದೆ ಬಟ್ಟೇಲಿ ಒರೆಸೋರು. ದೇವರ ಪಟ ಒರೆಸ್ತಾರಲ್ಲ, ಹಾಗೆ."

ಪರದೆಯಲ್ಲಿ ವಯೊಲೆಟ್ "ಯೇಸುವೇ" ಎಂದು ಕಣ್ಣು ಮುಚ್ಚಿಕೊಂಡಳು. ಹಳೆಯ ಎಣ್ಣೆಬಣ್ಣದ ಮೇಲೆ ಒದ್ದೆ ಬಟ್ಟೆ! ಬಿರುಕಿನೊಳಗೆ ನೀರು ಇಳಿದರೆ ಬಣ್ಣವೇ ಎದ್ದುಬರುತ್ತದೆ. ಆದರೆ ಆ ತಪ್ಪಿನಿಂದ ಈಗ ಇಂದುಮತಿಗೆ ಉಪಯೋಗವಿತ್ತು.

"ಅನನ್ಯಾ, ನಿನ್ನ ಊಟದ ಡಬ್ಬಿ ತಾ."

"ಮೈ ಲಂಚ್? ಆಂಟಿ, ಅದ್ರಲ್ಲಿ ಜಸ್ಟ್ ಲೆಫ್ಟ್‌ಓವರ್ ಚಿತ್ರಾನ್ನ."

"ಅದೇ ಬೇಕು."

ಕೋಣೆಯ ದೀಪ ಆರಿಸಿ ಇಂದುಮತಿ ಅತಿನೇರಳೆ ಟಾರ್ಚನ್ನು ಡಬ್ಬಿಯ ಮೇಲೆ ಬಿಟ್ಟಳು. ಚಿತ್ರಾನ್ನದ ಅಗುಳುಗಳು ಹಸಿರು ಮಿಶ್ರಿತ ಹಳದಿಯಾಗಿ ಮಿನುಗಿದವು. ಅರಿಶಿನದ ಗುಣವೇ ಅದು. ಬೆಳಕಿಗೆ ಎಷ್ಟೇ ಮಾಸಿದರೂ, ಎಷ್ಟೇ ಒರೆಸಿದರೂ, ಬಿರುಕಿನೊಳಗೆ ಒಂದಿಷ್ಟು ಉಳಿದಿದ್ದರೆ ಈ ಟಾರ್ಚಿಗೆ ಉತ್ತರ ಕೊಡುತ್ತದೆ. ಆಮೇಲೆ ಅವಳು ಬೆಳಕನ್ನು ಆಕಳ ಹಣೆಗೆ ತಿರುಗಿಸಿದಳು.

ಹಳದಿ ಮಚ್ಚೆ ಇದ್ದಿಲಿನ ಹಾಗೆ ಕಪ್ಪಾಗಿ ಕೂತಿತ್ತು.

"ಇದು ಅರಿಶಿನವಲ್ಲ. ಹಳದಿ ಎಣ್ಣೆಬಣ್ಣ," ಎಂದಳು ಇಂದುಮತಿ ದೀಪ ಹಾಕುತ್ತ. "ನಕಲು ಮಾಡಿದವರು ಮಚ್ಚೆಯನ್ನೂ ಸೇರಿಸಿ ಬರೆದಿದ್ದಾರೆ. ಅದೂ ಮೂಲ ಚಿತ್ರದ್ದೇ ಅಂದುಕೊಂಡು."

"ನಾನು ಹೇಳಿದ್ದೂ ಅದೇ!" ರಾಮಚಂದ್ರ ಮೇಜು ತಟ್ಟಿದ. "ಮುಂದೆ ಇಟ್ಕೊಂಡು ಬರೆದಿದಾಳೆ."

"ಸ್ವಲ್ಪ ತಾಳಿ. ನಿಮ್ಮ ತಾಯಿ ಹೋಗಿ ಎಷ್ಟು ವರ್ಷ ಆಯ್ತು?"

"ನಾಲ್ಕು."

"ಆಮೇಲೆ ಮನೇಲಿ ಗೋಪೂಜೆ?"

ಅವನು ತಲೆಯಲ್ಲಾಡಿಸಿದ. "ಯಾರು ಮಾಡ್ತಾರೆ?"

"ಹಾಗಿದ್ರೆ ವಯೊಲೆಟ್ ಹತ್ರ ಚಿತ್ರ ಹೋದಾಗ ಹಸುವಿನ ಹಣೆ ಮೇಲೆ ಕಣ್ಣಿಗೆ ಕಾಣೋ ಹಳದಿ ಇರೋಕೆ ಸಾಧ್ಯ ಇಲ್ಲ. ಆ ಹಳದಿ ಇಷ್ಟು ಗಾಢವಾಗಿ ಇರ್ತಿದ್ದದ್ದು ವರ್ಷದಲ್ಲಿ ಒಂದು ದಿನ. ಆ ದಿನ ಯಾರಾದ್ರೂ ಫೋಟೋ ತೆಗೆದಿದ್ರಾ?"

 ರಾಮಚಂದ್ರ ತನ್ನ ಫೋನಿನಲ್ಲಿ ಹುಡುಕಿ ಮುಂದೆ ಚಾಚಿದ. "ಇದೊಂದೇ. ಪರ್ತ್‌ಗೆ ಬಂದ ಹೊಸತರಲ್ಲಿ ತೆಗೆದದ್ದು. ಅಮ್ಮನ ವೈಕುಂಠ ಸಮಾರಾಧನೆ ದಿನ ನಮ್ಮ ಕನ್ನಡದವರ ಗ್ರೂಪಿಗೆಲ್ಲ ಹಾಕಿದ್ದೆ."

ಅನನ್ಯಾ ಫೋಟೋವನ್ನು ಗೋಡೆಯ ದೊಡ್ಡ ಪರದೆಗೆ ಹಾಕಿದಳು. ಚಿತ್ರದ ಕೆಳಗೆ ನಿಂತ ಹೆಂಗಸೊಬ್ಬಳು ಆಕಳ ಹಣೆಗೆ ಅರಿಶಿನ ಹಚ್ಚಿ ಕೈಯನ್ನು ಅದರ ಗದ್ದದವರೆಗೆ ಇಳಿಸಿದ್ದಳು. ಮುಖ ಕ್ಯಾಮೆರಾದ ಕಡೆ ತಿರುಗಿ ನಗುತ್ತಿತ್ತು. ಎತ್ತಿದ ತೋಳು ಚಿತ್ರದ ಕೆಳ ಅಂಚಿನಿಂದ ಆಕಳ ಗದ್ದದವರೆಗೆ ಒಂದು ಪಟ್ಟಿಯಷ್ಟು ಭಾಗವನ್ನು ಮರೆಮಾಡಿತ್ತು.

ಇಂದುಮತಿ ಪರದೆಯನ್ನೂ ಮೇಜಿನ ಮೇಲಿನ ಚಿತ್ರವನ್ನೂ ನೋಡಿದಳು. ಫೋಟೋದಲ್ಲಿ ತೋಳು ಇದ್ದ ಕಡೆಯೇ ಇಲ್ಲಿ ಪೊದೆಯಿತ್ತು. ಮೊಣಕೈಯ ಹತ್ತಿರ ದಪ್ಪ, ಮಣಿಕಟ್ಟಿನ ಹತ್ತಿರ ಸಣ್ಣ, ತುದಿಯಲ್ಲಿ ಬೆರಳುಗಳ ಹಾಗೆ ಕವಲೊಡೆದ ಪೊದೆ.

"ಓ ಮೈ ಗಾಡ್," ಎಂದಳು ಅನನ್ಯಾ. "ದಟ್ ಬುಷ್ ಈಸ್ ಅಜ್ಜೀಸ್ ಆರ್ಮ್."

"ಹೌದು. ತೋಳಿನ ಹಿಂದೆ ಏನಿದೆ ಅಂತ ಬರೆದವರಿಗೆ ಗೊತ್ತಿರಲಿಲ್ಲ. ಕೋಲು ಎಲ್ಲಿ ಹೊರಬರತ್ತೆ ಅಂತಲೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನ ಸೊಪ್ಪು ಹಾಕಿ ಮುಚ್ಚಿದ್ದಾರೆ." ಅವಳು ರಾಮಚಂದ್ರನತ್ತ ತಿರುಗಿದಳು. "ಅಸಲು ಚಿತ್ರ ಮೂರು ವಾರ ಮುಂದೆ ಇರುವವಳು ಹೀಗೆ ಫೋಟೋ ನೋಡಿ ಬರೀತಾಳಾ?"

ರಾಮಚಂದ್ರ ಅಷ್ಟು ಸುಲಭಕ್ಕೆ ಸೋಲುವವನಲ್ಲ. "ಯಾಕಾಗಬಾರದು? ಮೊದಲೇ ಫೋಟೋದಿಂದ ನಕಲು ಬರೆದು ರೆಡಿ ಇಟ್ಕೊಂಡಿರಬಹುದು. ಚಿತ್ರ ಬಂದ ದಿನವೇ ಬದಲಾಯಿಸಬಹುದು."

ಮಾತಿನಲ್ಲಿ ಹುರುಳಿತ್ತು. 

ಇಂದುಮತಿ ಫೋಟೋದ ಹತ್ತಿರ ಹೋಗಿ ನಿಂತಳು. ಅವಳನ್ನು ಕೋಲಿಗಿಂತ ಹೆಚ್ಚು ಕಾಡಿದ್ದು ಕೊಳಲು. ಗೊಲ್ಲನ ಕೊಳಲು ನೋಡುವವರ ಬಲಕ್ಕೆ ಚಾಚಿತ್ತು; ಅಂದರೆ ಅವನು ಅದನ್ನು ತನ್ನ ಎಡಕ್ಕೆ ಹಿಡಿದಿದ್ದ. ಕೊಳಲು ನುಡಿಸುವವರು ಸಾಮಾನ್ಯವಾಗಿ ಬಲಕ್ಕೆ ಹಿಡಿಯುತ್ತಾರೆ.

ಪ್ರದರ್ಶನ ನಡೆಸಿದ ಗ್ಯಾಲರಿಯ ಪುಸ್ತಿಕೆ ಇದಕ್ಕೆ ಒಪ್ಪುವಂಥ ಕಾರಣ ಕೊಟ್ಟಿತ್ತು. ಆ ಕಾಲದ ಫ್ರೆಂಚ್ ಚಿತ್ರಕಾರರು ಗೊಲ್ಲರನ್ನು ಹೊಲದಲ್ಲಿ ನೋಡಿ ಕಲಿತದ್ದಕ್ಕಿಂತ ಹಿಂದಿನ ಶತಮಾನದ ಡಚ್ಚರ ಕೆಲಸ ನೋಡಿ ಕಲಿತದ್ದು ಹೆಚ್ಚು. ಬೂಶೆಯಂಥ ದೊಡ್ಡ ಕಲಾವಿದನೇ ಬ್ಲೂಮಾರ್ಟ್ ಎಂಬ ಡಚ್ಚನ ರೇಖಾಚಿತ್ರಗಳನ್ನು ತಾಮ್ರದ ತಗಡಿಗೆ ಇಳಿಸಿ ಅಚ್ಚು ಹಾಕಿದ್ದ. ತಗಡಿನಿಂದ ಕಾಗದಕ್ಕೆ ಬರುವಾಗ ಚಿತ್ರದ ಎಡ ಬಲ ತಿರುಗುತ್ತದೆ. ಅಂಥ ಅಚ್ಚುಗಳನ್ನು ನೋಡಿ ಬರೆದವರ ಚಿತ್ರದಲ್ಲಿ ಬಲಗೈ ಎಡಗೈಯಾಗುತ್ತದೆ. ಆದ್ದರಿಂದ ಈ ಚಿತ್ರಕಾರ ಬೂಶೆಯ ಹಾದಿಯವನು, ಅಚ್ಚು ನೋಡಿ ಕಲಿತವನು ಎಂದು ಪುಸ್ತಿಕೆ ಬರೆದಿತ್ತು. ಇಂದುಮತಿಯೂ ಅದನ್ನು ಓದಿ ಒಪ್ಪಿಕೊಂಡಿದ್ದಳು.

ಆದರೆ ಎಡ ಬಲ ತಿರುಗಲು ತಾಮ್ರದ ತಗಡೇ ಬೇಕೆಂದಿಲ್ಲ.

"ಅನನ್ಯಾ, ನಿನ್ನ ಅಜ್ಜಿಯನ್ನ ಸರಿಯಾಗಿ ನೋಡು. ಏನೋ ತಪ್ಪಿದೆ."

ಅನನ್ಯಾ ನೋಡಿದಳು. ಪೆನ್ನನ್ನು ಎಡಗೈಯಲ್ಲಿ ತಿರುಗಿಸುತ್ತಿದ್ದವಳು ತಟ್ಟನೆ ನಿಲ್ಲಿಸಿದಳು.

"ಶೀ ಈಸ್ ಯೂಸಿಂಗ್ ಹರ್ ಲೆಫ್ಟ್ ಹ್ಯಾಂಡ್." ನಕ್ಕಳು, ಆದರೆ ನಗು ಪೂರ್ತಿ ಬರಲಿಲ್ಲ. "ನೋ ವೇ. ಐಯಾಮ್ ಎ ಲೆಫ್ಟಿ, ಆಂಟಿ. ಒಂದು ಹೂವು ಎಡಗೈಯಲ್ಲಿ ಕೊಟ್ರೂ ಅಜ್ಜಿ ಕೈ ಮೇಲೆ ಹೊಡೀತಿದ್ರು. ಪೂಜೆ? ಅಜ್ಜಿ ವುಡ್ ನೆವರ್."

"ಸೆರಗು?"

"ರೈಟ್ ಶೋಲ್ಡರ್! ಇಟ್ಸ್ ಫ್ಲಿಪ್ಡ್!"

"ಮೂಲದಲ್ಲಿ ಇದು ಸ್ಲೈಡ್ ಇರಬೇಕು. ರಟ್ಟಿನ ಚೌಕಟ್ಟಿನ ಪಾರದರ್ಶಕ ಫಿಲ್ಮ್. ಹಿಂದುಮುಂದಾಗಿ ಇಟ್ಟು ಸ್ಕ್ಯಾನ್ ಮಾಡಿದ್ರೂ ಚಿತ್ರ ಚೆನ್ನಾಗೇ ಬರತ್ತೆ, ಎಡ ಬಲ ಮಾತ್ರ ಅದಲುಬದಲು." ಇಂದುಮತಿ ರಾಮಚಂದ್ರನ ಎದುರಿಗೆ ಕುರ್ಚಿ ಎಳೆದು ಕೂತಳು. "ಈಗ ನೀವು ಒಂದೇ ಒಂದು ಪ್ರಶ್ನೆಗೆ ಉತ್ತರ ಹೇಳಿ. ಮೇಜು ನೋಡಬೇಡಿ, ಪರದೆ ನೋಡಬೇಡಿ. ಕಣ್ಣು ಮುಚ್ಚಿ. ತಾಯಿ ಇದ್ದಾಗ ಊಟದ ಕೋಣೇಲಿ ಈ ಚಿತ್ರ ಇತ್ತು. ಕೊಳಲು ಯಾವ ಕಡೆಗಿತ್ತು?"

"ಇದೇನು ಮೇಡಂ, ಎಡ ಬಲ ಯಾರಿಗೆ ನೆನಪಿರತ್ತೆ?"

"ಎಡ ಬಲ ಬೇಡ. ಕೊಳಲಿನ ತುದಿ ಎದುರಿಗೆ ಏನಿತ್ತು, ಅಷ್ಟು ಹೇಳಿ."

ಅವನು ಕಣ್ಣು ಮುಚ್ಚಿದ. 

"ಅಡಿಗೆಮನೆ ಬಾಗಿಲು," ಎಂದ ಮೆಲ್ಲಗೆ. "ಅಮ್ಮ ಅನ್ನೋರು, ನೋಡೋ, ನಮ್ಮ ಕೃಷ್ಣ ಅಡಿಗೆಮನೆ ಕಡೆಗೇ ಊದ್ತಾನೆ, ತುಪ್ಪ ಕಾಯಿಸೋ ವಾಸನೆ ಬಡಿದಿರತ್ತೆ ಅಂತ. ಕೊಳಲಿನ ಮುಂದೆ ನೀಲಿ ಕಂಠದ ಒಂದು ಗಡಿಗೆ ಇತ್ತು. ಅದಕ್ಕೆ ಬೆಣ್ಣೆ ಗಡಿಗೆ ಅನ್ನೋರು."

"ಚಿತ್ರದ ಎದುರು ನಿಂತ್ರೆ ಅಡಿಗೆಮನೆ ಯಾವ ಕೈಗೆ?"

ರಾಮಚಂದ್ರನ ಕೈ ತಾನಾಗಿಯೇ ಎದ್ದಿತು. ಎಡಗೈ.

ಅವನು ಕಣ್ಣು ತೆರೆದು ಮೇಜಿನ ಮೇಲಿನ ಚಿತ್ರ ನೋಡಿದ. ಕೊಳಲು ಬಲಕ್ಕಿತ್ತು. ಎದ್ದು, ಚಿತ್ರವನ್ನು ಒಂದು ಸುತ್ತು ಹಾಕಿ, ಮತ್ತೆ ಅಲ್ಲೇ ಬಂದು ನಿಂತ. ಸುತ್ತಿದರೆ ಕೊಳಲು ಸರಿಯಾದೀತೆಂಬಂತೆ.

"ಅಂದ್ರೆ ನಾನು ವಯೊಲೆಟ್‌ಗೆ ಕಳಿಸಿದ್ದು..."

"ನಕಲನ್ನೇ. ನಿಮ್ಮ ಮನೇಲೇ ನಕಲು ತೂಗ್ತಾ ಇತ್ತು. ಎಂದಿನಿಂದ?"

"ಅಮ್ಮ ಹೋದ ಮೇಲೆ ಮನೆ ರಿಪೇರಿ ಆಯ್ತಲ್ಲ, ಆಗಿನಿಂದ ಇರಬೇಕು. ಸಾಮಾನೆಲ್ಲ ಆರು ತಿಂಗಳು ಬಾಡಿಗೆ ಗೋದಾಮಿನಲ್ಲಿತ್ತು. ವಾಪಸ್ ಬಂದ ಮೇಲೆ ಮಹಡಿ ಮೇಲೆ ತೂಗುಹಾಕಿಸಿದೆ. ನಾನು ಕೆಲಸದ ಮೇಲೆ ತಿಂಗಳಲ್ಲಿ ಅರ್ಧ ಗಣೀಲೇ ಇರ್ತೀನಿ." ಅವನು ಕನ್ನಡಕ ತೆಗೆದು ಒರೆಸಿದ. "ಅಮ್ಮ ಇದ್ದಿದ್ರೆ ಅವತ್ತೇ ಹೇಳೋರು, ಇವನು ನಮ್ಮ ಕೃಷ್ಣ ಅಲ್ಲ ಅಂತ."

ಇನ್ನೊಂದು ವಿಷಯವೂ ಇಂದುಮತಿಯ ತಲೆಯಲ್ಲಿ ಸಾಲುಗಟ್ಟಿತು. ಅಸಲಿನಲ್ಲಿ ಕೊಳಲು ಸರಿಯಾದ ಕಡೆಗೇ ಇದ್ದರೆ, ಅದನ್ನು ಬರೆದವನು ತಿರುಗಿದ ಅಚ್ಚನ್ನು ನೋಡಿ ಕಲಿತವನಲ್ಲ. ಪ್ರಾಯಶಃ ಬೂಶೆಯ ಹಾಗೆ ಡಚ್ಚನ ರೇಖಾಚಿತ್ರವನ್ನೇ ಕಣ್ಣಾರೆ ಕಂಡವನು. ಹಾಗಿದ್ದರೆ ಕಳೆದುಹೋದದ್ದು ಎಲ್ಲರೂ ಎಣಿಸಿದ್ದಕ್ಕಿಂತ ಬೆಲೆಬಾಳುವ ಚಿತ್ರ. ಆ ಯೋಚನೆಯನ್ನು ಅವಳು ಸದ್ಯಕ್ಕೆ ಪಕ್ಕಕ್ಕಿಟ್ಟಳು.

ರಾಮಚಂದ್ರ ಫೋನಿನ ಮುಂದೆ ಬಗ್ಗಿದ. "ವಯೊಲೆಟ್, ನಾನು ತಪ್ಪು ಮಾಡ್ಬಿಟ್ಟೆ ಕಣಮ್ಮ. ಇವತ್ತೇ ದೂರು ವಾಪಸ್ ತಗೋತೀನಿ."

"ಪರವಾಗಿಲ್ಲ ಅಂಕಲ್." ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. "ಪಪ್ಪ! ಪಪ್ಪ, ಕೇಳಿದ್ರಾ? ಎಲ್ಲ ಸರಿ ಆಯ್ತು!"

ಹಿಂದಿನಿಂದ ಉತ್ತರ ಬರಲಿಲ್ಲ.

ಇಂದುಮತಿ ಇನ್ನೂ ಫೋಟೋ ನೋಡುತ್ತಿದ್ದಳು. ಚಿನ್ನದ ಬಣ್ಣದ ಚೌಕಟ್ಟು ಮೇಲೆ ಕಾಣುತ್ತಿತ್ತು, ಕೆಳಗೆ ಕಾಣುತ್ತಿತ್ತು, ಎಡಕ್ಕೂ ಕಾಣುತ್ತಿತ್ತು. ಬಲಕ್ಕೆ ಚೌಕಟ್ಟು ಇರಲಿಲ್ಲ. ಕೊಳಲಿನ ತುದಿಗೇ ಫೋಟೋ ಮುಗಿದಿತ್ತು.

"ಈ ಫೋಟೋ ಕತ್ತರಿಸಿದ್ದು ಯಾರು?"

"ನನಗೆ ಬಂದಿದ್ದೇ ಹೀಗೆ," ಎಂದ ರಾಮಚಂದ್ರ. ಅವನ ಎದೆ ಹಗುರಾಗಿತ್ತು. ಮಾತು ಸಲೀಸಾಗಿ ಬಂತು. "ಅಮ್ಮ ನಡುವೆ ಬರಲಿ ಅಂತ ಅಂಚು ತೆಗೆದಿದೀನಿ ಅಂದಿದ್ದ. ಸ್ಲೈಡ್ ಸ್ಕ್ಯಾನ್ ಮಾಡೋ ಮೆಷೀನ್ ನನ್ನ ಹತ್ರ ಎಲ್ಲಿದೆ? ಡಬ್ಬಿ ಸಮೇತ ಅವನಿಗೆ ಕೊರಿಯರ್ ಮಾಡಿದ್ದೆ. ಡಬ್ಬಿ ಇನ್ನೂ ಅವನ ಹತ್ರಾನೇ ಇದೆ."

"ಯಾರ ಹತ್ರ?"

ಹೇಳಲು ಬಾಯಿ ತೆರೆದವನು ಫೋನಿನತ್ತ ನೋಡಿ ನಿಂತುಬಿಟ್ಟ.

"ನನ್ನ ಪಪ್ಪನ ಹತ್ರ," ಎಂದಳು ವಯೊಲೆಟ್.

ಅನನ್ಯಾ ಇಂದುಮತಿಯ ತೋಳು ಮುಟ್ಟಿದಳು. "ಆಂಟಿ, ದಟ್ ಮೀನ್ಸ್ ನಥಿಂಗ್. ಫೋಟೋ ಗ್ರೂಪಲ್ಲಿತ್ತು. ಎನಿಬಡಿ ಕುಡ್ ಹ್ಯಾವ್ ಕಾಪೀಡ್ ಇಟ್."

"ನಿಜ. ನಕಲು ಗ್ರೂ‌ಪಿನ ಫೋಟೋದಿಂದ ಆಗಿದ್ರೆ ಯಾರು ಬೇಕಾದ್ರೂ ಮಾಡಿರಬಹುದು. ಫೋಟೋ ಎಲ್ಲಿ ಮುಗಿಯತ್ತೋ ನಕಲೂ ಅಲ್ಲೇ ಮುಗಿಯಬೇಕು. ಅದಕ್ಕಿಂತ ಆಚೆ ಇದ್ರೆ..." ಇಂದುಮತಿ ಮಾತು ನಿಲ್ಲಿಸಿದಳು. ಆಚೆ ಇದ್ದರೆ, ಬರೆದವರು ಪೂರ್ತಿ ಸ್ಲೈಡ್ ನೋಡಿದವರು.

"ಆಚೆಗಿನದನ್ನೂ ಪೊದೆ ತರ ಊಹಿಸಿ ಬರೆದಿರಬಹುದಲ್ಲ?" ಎಂದ ರಾಮಚಂದ್ರ. ಬೆಳಿಗ್ಗೆ ವಯೊಲೆಟ್ ಮೇಲೆ ಹರಿಹಾಯ್ದವನು ಈಗ ಅವಳ ತಂದೆಯ ಪರ ವಕೀಲನಾಗಿದ್ದ.

"ಬರೆದಿರಬಹುದು. ಆದರೆ ಊಹಿಸಿದ್ದು ನಿಮ್ಮ ನೆನಪಿಗೆ ಸರಿಹೊಂದಬಾರದು."



"ಅಳೆಯಿರಿ ಆಂಟಿ," ಎಂದಳು ವಯೊಲೆಟ್.  "ನನಗೆ ಎಲ್ಲ ಕಾಣಬೇಕು ಅಂತ ನೀವೇ ಹೇಳಿದ್ದಲ್ವಾ? ಅಳೆಯಿರಿ."

ಅವಳ ಹಿಂದೆ ಬಾಗಿಲೊಂದು ಮುಚ್ಚಿದ ಸದ್ದಾಯಿತು. ವಯೊಲೆಟ್ ತಿರುಗಿ ನೋಡಲಿಲ್ಲ.

ಅನನ್ಯಾ ಫೋಟೋವನ್ನು ಕೊಳಲಿನ ಉದ್ದಕ್ಕೆ ಹೊಂದಿಸಿ ಚಿತ್ರದಷ್ಟೇ ಅಳತೆಗೆ ತಂದಳು. ಫೋಟೋ ಮುಗಿಯುವ ಜಾಗಕ್ಕೆ ಸರಿಯಾಗಿ ಇಂದುಮತಿ ಕ್ಯಾನ್ವಾಸಿನ ಮೇಲೆ ಒಂದು ಬಿಳಿ ದಾರ ಹಾಸಿದಳು. ದಾರದ ಈಚೆ ಗೊಲ್ಲ, ಕೊಳಲು, ಆಕಳು, ಪೊದೆ.

ದಾರದ ಆಚೆಯೂ ಬಣ್ಣವಿತ್ತು. ಹುಲ್ಲಿನ ಒಂದು ಇಳಿಜಾರು, ಅದರ ಮೇಲೆ ವಾಲಿ ಕೂತ ಒಂದು ಗಡಿಗೆ. ಅದರ ಕಂಠ ನೀಲಿ.

 ಅನನ್ಯಾ ಉಕ್ಕಿನ ಅಳತೆಪಟ್ಟಿಯನ್ನು ದಾರಕ್ಕೆ ತಾಗಿಸಿ, ಕ್ಯಾನ್ವಾಸಿನ ಅಂಚಿನವರೆಗೆ ಓದಿದಳು.

ನಲವತ್ತೊಂದು ಮಿಲಿಮೀಟರ್.